ಹನ್ನೆರಡು ತುಂಡು, ಇಪ್ಪತ್ತನಾಲ್ಕು ಓರೆ

ಎತ್ತಿನ ಗಾಡಿಯ ಚಕ್ರ ಮಾಡುವ ಬಡಗಿಗೆ ಒಂದು ಅನುಕೂಲವಿತ್ತು. ಸುತ್ತಿನ ಬಾಗುಮರದ ತುಂಡುಗಳ ನಡುವೆ ಸ್ವಲ್ಪ ಸಂದು ಉಳಿದರೂ ಚಿಂತೆಯಿಲ್ಲ. ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟೆ ತಣಿಯುತ್ತಾ ಕುಗ್ಗಿ ಎಲ್ಲವನ್ನೂ ಒಳಕ್ಕೆ ಎಳೆದು ಬಿಗಿ ಮಾಡುತ್ತಿತ್ತು. ಮರದ ಚಿಕ್ಕ ತುಂಡುಗಳನ್ನು ಬಳೆಯಾಗಿ ಅಂಟಿಸಿ, ಬಳೆಯ ಮೇಲೆ ಬಳೆ ಪೇರಿಸಿ, ಆಮೇಲೆ ಲೇತಿಗೆ ಕಟ್ಟಿ ಬಟ್ಟಲೋ ಹೂದಾನಿಯೋ ಕಡೆಯುವವರಿಗೆ ಆ ಪಟ್ಟೆಯ ನೆರವಿಲ್ಲ. ಅಂಟೊಂದೇ ಗತಿ. ಮರದ ಅಂಟು ಮುಖಕ್ಕೆ ಮುಖ ಕೂತಲ್ಲಿ ಕಲ್ಲಿನಂತೆ ಹಿಡಿಯುತ್ತದೆ, ಆದರೆ ಸಂದು ತುಂಬುವ ಕೆಲಸ ಅದರದ್ದಲ್ಲ. ಕಡೆದು ಎಣ್ಣೆ ಹಚ್ಚಿದ ಕೂಡಲೇ ಆ ಸಂದು ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ.

ನಮ್ಮಲ್ಲಿ ಲೇತಿನ ಮರಗೆಲಸ ಎಂದರೆ ಮೊದಲು ನೆನಪಾಗುವುದು ಚನ್ನಪಟ್ಟಣ. ಅಲ್ಲಿ ಹಾಲೆ ಮರದ ಒಂದೇ ತುಂಡನ್ನು ಕಡೆದು, ಅದು ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತುತ್ತಾರೆ. ತುಂಡು ಜೋಡಿಸಿ ಕಡೆಯುವ ‘ಸೆಗ್ಮೆಂಟೆಡ್ ಟರ್ನಿಂಗ್’ ಬೇರೆ ಜಾತಿಯ ಕೆಲಸ. ಅದು ಹೆಚ್ಚಾಗಿ ಬೆಳೆದದ್ದು ಅಮೆರಿಕದ ಹವ್ಯಾಸಿಗಳ ಶೆಡ್ಡುಗಳಲ್ಲಿ. ರೇ ಆಲನ್, ಮಾಲ್ಕಮ್ ಟಿಬ್ಬೆಟ್ಸ್ ಅವರಂಥವರು ನೂರಾರು, ಸಾವಿರಾರು ಚೂರು ಕೂಡಿಸಿದ ಪಾತ್ರೆಗಳಿಂದ ಅದಕ್ಕೆ ಹೆಸರು ತಂದರು. ಟಿಬ್ಬೆಟ್ಸ್ ಈ ವಿದ್ಯೆಯ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಒಂದು ಟೇಬಲ್ ಸಾ, ಒಂದು ಸಣ್ಣ ಲೇತ್ ಇದ್ದರೆ ನಾವೂ ಕೈಹಾಕಬಹುದು. ದೊಡ್ಡ ದಿಮ್ಮಿ ಬೇಡ. ಬಡಗಿಯ ಅಂಗಡಿಯಲ್ಲಿ ಮೂಲೆಗೆ ಬಿದ್ದಿರುವ ತೇಗ, ಹಲಸು, ಸಿಲ್ವರ್ ಓಕ್ ಪಟ್ಟಿಗಳೇ ಸಾಕು.

ಕಷ್ಟ ಇರುವುದು ಕಡೆಯುವುದರಲ್ಲಲ್ಲ, ಕೊಯ್ಯುವುದರಲ್ಲಿ. ಹೊಸಬರು ಇಲ್ಲಿ ಒಂದು ದಾರಿ ತಪ್ಪುತ್ತಾರೆ: ಕೋನವನ್ನು ಇನ್ನೂ ಒಂದು ದಶಮಾಂಶ ನಿಖರವಾಗಿ ಹಿಡಿಯಲು ದುಬಾರಿ ಮಾಪಕ ಕೊಳ್ಳುತ್ತಾರೆ. ಆ ದುಡ್ಡು ಉಳಿಸಿ. ಯಾವ ತಪ್ಪು ಕೂಡುತ್ತಾ ಹೋಗುತ್ತದೆ, ಯಾವುದು ತಾನಾಗಿ ಕಳೆದುಹೋಗುತ್ತದೆ ಎಂದು ಗೊತ್ತಿದ್ದರೆ ಹಳೆಯ ಟೇಬಲ್ ಸಾ ಕೂಡ ಸಾಕಾಗುತ್ತದೆ.

ಲೆಕ್ಕ

ಒಂದು ಬಟ್ಟಲನ್ನೇ ಮುಂದಿಟ್ಟುಕೊಳ್ಳೋಣ. ಹೊರವ್ಯಾಸ 200 ಮಿ.ಮೀ., ಒಂದು ಬಳೆಗೆ 12 ತುಂಡು. ಸುತ್ತು 360 ಡಿಗ್ರಿ, ಒಂದು ತುಂಡಿನ ಪಾಲು 30, ಅದನ್ನು ಎರಡು ತುದಿಗೆ ಹಂಚಿದರೆ ತಲಾ 15 ಡಿಗ್ರಿ ಓರೆ.

ಉದ್ದದ ವಿಷಯದಲ್ಲಿ ಎಡವುವವರು ಬಹಳ. ಸುತ್ತಳತೆ 628 ಮಿ.ಮೀ., ಅದನ್ನು 12ರಿಂದ ಭಾಗಿಸಿ 52.4 ಎಂದು ಕೊಯ್ದುಬಿಡುತ್ತಾರೆ. ಬಳೆ ಅಂಟಿಸಿ ನೋಡಿದರೆ 195 ಮಿ.ಮೀ.ಗಿಂತ ದೊಡ್ಡ ವೃತ್ತ ಅದರಲ್ಲಿ ಸಿಗುವುದಿಲ್ಲ. ತುಂಡಿನ ಹೊರಮೈ ನೇರ, ಬಾಗಿದ್ದಲ್ಲ; ನಾವು ಕಟ್ಟುತ್ತಿರುವುದು ಹನ್ನೆರಡು ಮೂಲೆಯ ಚೌಕಟ್ಟು, ಬಟ್ಟಲು ಅದರೊಳಗೆ ಕೂರಬೇಕು. ಆದ್ದರಿಂದ ವ್ಯಾಸವನ್ನು 15 ಡಿಗ್ರಿಯ ಟ್ಯಾನ್‌ನಿಂದ, ಅಂದರೆ 0.268ರಿಂದ ಗುಣಿಸಬೇಕು. ಹೊರ ಅಂಚಿನ ಉದ್ದ 53.6 ಮಿ.ಮೀ. ಬರುತ್ತದೆ. ಪಟ್ಟಿಯ ಅಗಲಕ್ಕೂ ಇದೇ ಜಾಗರೂಕತೆ ಬೇಕು. ಒಳಗಿನ ತ್ರಿಜ್ಯ 80 ಬೇಕೆಂದರೆ ನೂರರಿಂದ ಎಂಬತ್ತು ಕಳೆದರೆ ಆಗಲಿಲ್ಲ, ಒಳಗಿನ ಮೂಲೆಗಳು ಹೊರಕ್ಕೆ ಚಾಚಿಕೊಂಡಿರುತ್ತವೆ. 80ನ್ನು 15 ಡಿಗ್ರಿಯ ಕೊಸೈನ್ 0.966ರಿಂದ ಗುಣಿಸಿದರೆ 77.3, ಬೇಕಾದ ಅಗಲ 22.7 ಮಿ.ಮೀ. ಲೇತಿನಲ್ಲಿ ಕಡೆಯಲು ಎರಡು ಮಿ.ಮೀ. ಸೇರಿಸಿ 25 ಎಂದು ಹಿಡಿಯಿರಿ.

ತುಂಡುಗಳು ಪಟ್ಟಿಯಲ್ಲಿ ತಲೆಕೆಳಗಾಗಿ ಒಂದರ ಪಕ್ಕ ಒಂದು ಕೂರುವುದರಿಂದ, ಬ್ಲೇಡು ತಿನ್ನುವ 3 ಮಿ.ಮೀ. ಸೇರಿಸಿದರೂ ಒಂದಕ್ಕೆ 50 ಮಿ.ಮೀ. ಪಟ್ಟಿ ಸಾಕು. ಹನ್ನೆರಡಕ್ಕೆ 600. ಕೊನೆಯ ತುಂಡು ಕೊಯ್ಯುವಾಗಲೂ ಕೈ ಬ್ಲೇಡಿನಿಂದ ದೂರವಿರಬೇಕು, ಅದಕ್ಕೆ ಇನ್ನು 150. ಒಟ್ಟು 750 ಮಿ.ಮೀ. ಪಟ್ಟಿ ಇಲ್ಲದೆ ಶುರು ಮಾಡಬೇಡಿ.

ಈಗ ತಪ್ಪಿನ ಲೆಕ್ಕ. ಹನ್ನೆರಡು ತುಂಡಿಗೆ ಇಪ್ಪತ್ತನಾಲ್ಕು ಕೊಯ್ದ ಮುಖ. ಒಂದೊಂದರಲ್ಲೂ 0.1 ಡಿಗ್ರಿ ಕಡಿಮೆಯಾದರೆ ಕೊನೆಯ ಸಂದಿನಲ್ಲಿ 2.4 ಡಿಗ್ರಿ ಬಾಯ್ಬಿಟ್ಟಿರುತ್ತದೆ. 25 ಮಿ.ಮೀ. ಅಗಲದ ಬಳೆಯಲ್ಲಿ ಅದು ಹೊರ ಅಂಚಿನಲ್ಲಿ ಒಂದು ಮಿ.ಮೀ.ಗಿಂತ ಹೆಚ್ಚಿನ ಬಿರುಕು. ತುಂಡು 24 ಆದರೆ ಮುಖ 48, ಅದೇ 0.1 ಡಿಗ್ರಿ 4.8 ಆಗುತ್ತದೆ. ಹಾಗಾಗಿ ಚಿತ್ತಾರದ ಆಸೆಯನ್ನು ಸದ್ಯಕ್ಕೆ ಬದಿಗಿಟ್ಟು ಹನ್ನೆರಡರಲ್ಲೇ ಕೈ ಕುದುರಿಸಿಕೊಳ್ಳುವುದು ಲೇಸು. ಅಂಗಡಿಯಲ್ಲಿ ಸಿಗುವ ಡಿಜಿಟಲ್ ಕೋನಮಾಪಕದ ಪರದೆ ಎರಡು ದಶಮಾಂಶ ತೋರಿಸಬಹುದು. ಜೊತೆಗೆ ಬರುವ ಚೀಟಿ ಓದಿದರೆ ಸಾಮಾನ್ಯವಾಗಿ 0.1 ಅಥವಾ 0.2 ಡಿಗ್ರಿ ಹೆಚ್ಚುಕಮ್ಮಿ ಎಂದು ಬರೆದಿರುತ್ತದೆ. ನಮಗೆ ಬೇಕಾದ ಕೆಲಸಕ್ಕೆ ಅದು ಆಗುವುದೇ ಇಲ್ಲ.

ಎರಡು ಫೆನ್ಸಿನ ಸ್ಲೆಡ್

ಈ ತಲೆನೋವಿಗೆ ಅಮೆರಿಕದ ಜೆರ್ರಿ ಬೆನ್ನೆಟ್ ಒಂದು ಸೊಗಸಾದ ಪರಿಹಾರ ಕಂಡುಕೊಂಡರು. ‘ವೆಜಿ ಸ್ಲೆಡ್’ ಎಂದು ಅದು ಪ್ರಸಿದ್ಧ. ಟೇಬಲ್ ಸಾ ಮೇಲೆ ಜಾರುವ ಒಂದು ಹಲಗೆ, ಅದರ ಮೇಲೆ ಎರಡು ಫೆನ್ಸ್, ಅಂದರೆ ಪಟ್ಟಿಯನ್ನು ಒತ್ತಿ ಹಿಡಿಯುವ ನೇರ ತಡೆಪಟ್ಟಿಗಳು. ಎರಡರ ನಡುವೆ ಸರಿಯಾಗಿ 30 ಡಿಗ್ರಿಯ ಒಂದು ಬೆಣೆ ಇಟ್ಟು ಎರಡನ್ನೂ ಅದಕ್ಕೆ ಒತ್ತಿ ಬಿಗಿ ಮಾಡುವುದು, ಆಮೇಲೆ ಬೆಣೆ ತೆಗೆಯುವುದು. ಪಟ್ಟಿಯನ್ನು ಮೊದಲ ಫೆನ್ಸಿಗೆ ಒತ್ತಿ ಒಂದು ಕೊಯ್ತ; ಎರಡನೆಯ ಫೆನ್ಸಿಗೆ ಸರಿಸಿ, ಚೂಪು ಮೂತಿ ಸ್ಟಾಪಿಗೆ (ತುಂಡಿನ ಉದ್ದ ನಿಗದಿ ಮಾಡುವ ತಡೆಗೆ) ತಾಗುವ ತನಕ ತಳ್ಳಿ ಇನ್ನೊಂದು ಕೊಯ್ತ. ಮತ್ತೆ ಮೊದಲನೆಯದು. ಪಟ್ಟಿಯನ್ನು ಮಗುಚುವ ಕೆಲಸವೇ ಇಲ್ಲ.

ಇದರ ಜಾಣತನ ನೋಡಿ. ಪ್ರತಿ ತುಂಡಿನ ಒಂದು ತುದಿ ಮೊದಲ ಫೆನ್ಸಿನದು, ಇನ್ನೊಂದು ತುದಿ ಎರಡನೆಯದರದು. ಒಂದು 14.8, ಇನ್ನೊಂದು 15.2 ಇದ್ದರೂ ಮೊತ್ತ 30. ಬಳೆ ಮುಚ್ಚಿಕೊಳ್ಳುತ್ತದೆ. ಎರಡು ಓರೆಮುಖಗಳ ಉದ್ದದಲ್ಲಿ ಬರುವ ವ್ಯತ್ಯಾಸ 0.05 ಮಿ.ಮೀ.; ಲೇತಿನ ಮೊದಲ ಸುತ್ತಿನಲ್ಲೇ ಅದು ಹೊಟ್ಟಾಗಿ ಹಾರಿಹೋಗುತ್ತದೆ. ಬ್ಲೇಡಿಗೆ ಸ್ಲೆಡ್ ಎಷ್ಟು ಓರೆ ಕೂತಿದೆ ಎಂಬ ಪ್ರಶ್ನೆಯೇ ಹೀಗೆ ಮರೆಗೆ ಸರಿಯುತ್ತದೆ, ಉಳಿಯುವುದು ಬೆಣೆಯ ಕೋನ ಒಂದೇ. ಇಪ್ಪತ್ತನಾಲ್ಕು ಚಿಂತೆ ಒಂದಕ್ಕೆ ಇಳಿಯಿತು. ಒಂದು ಮಾತು ಮಾತ್ರ: ಫೆನ್ಸುಗಳು ಅಷ್ಟಿಷ್ಟು ಅಸಮವಾಗಿದ್ದರೆ ಒಂದು ಬಿಟ್ಟು ಒಂದು ತುಂಡಿನ ಉದ್ದ ಕೂದಲೆಳೆಯಷ್ಟು ಬದಲಾಗುತ್ತದೆ. ಅದಕ್ಕೇ ಕೊಯ್ದ ಕೂಡಲೇ ಪೆನ್ಸಿಲಿನಲ್ಲಿ 1ರಿಂದ 12 ಎಂದು ಬರೆದಿಟ್ಟು, ಅದೇ ಸರದಿಯಲ್ಲಿ ಜೋಡಿಸಿ. ಎಳೆಗಳೂ ಚೆಂದವಾಗಿ ಮುಂದುವರಿಯುತ್ತವೆ.

ಬೆಣೆಯನ್ನು ಕೊಳ್ಳಬಹುದು, ಮನೆಯಲ್ಲೇ ಮಾಡಲೂಬಹುದು. ಕೋನ ಅಳೆದು ಮಾಡಬೇಡಿ, ಉದ್ದ ಅಳೆದು ಮಾಡಿ. 12 ಮಿ.ಮೀ. ಎಂಡಿಎಫ್ ಹಲಗೆಯಲ್ಲಿ ಎರಡು ಬದಿ 300 ಮಿ.ಮೀ., ಮೂರನೆಯದು 155.3 ಮಿ.ಮೀ. ಇರುವ ತ್ರಿಕೋನ ಗೀಚಿ. ಆ ಎರಡು ಉದ್ದ ಬದಿಗಳ ನಡುವಿನ ಕೋನ 30 ಡಿಗ್ರಿ. ಮೂಲೆಮಟ್ಟವೂ ಬೇಕಿಲ್ಲ, ಚೂಪಾದ ಚಾಕು ಮತ್ತು ಒಳ್ಳೆಯ ಸ್ಟೀಲ್ ಸ್ಕೇಲ್ ಇದ್ದರೆ ಆಯಿತು. ಇಷ್ಟು ದೊಡ್ಡ ಬೆಣೆಯಲ್ಲಿ 0.1 ಮಿ.ಮೀ. ತಪ್ಪಿದರೆ ಕೋನ ತಪ್ಪುವುದು 0.02 ಡಿಗ್ರಿ.

300 ಎಂಬ ಅಳತೆಯನ್ನು ಬೇಕೆಂದೇ ಆರಿಸಿದ್ದೇನೆ. ಪಟ್ಟಿಯ ಅಗಲ 25, ತುಂಡು 12, ಗುಣಿಸಿದರೆ 300. ಹೀಗಿದ್ದಾಗ ಸ್ಲೆಡ್ ಸರಿಪಡಿಸುವುದು ಬಹಳ ಸಲೀಸು. ಒಳ್ಳೆಯ ಮರ ಮುಟ್ಟುವ ಮೊದಲು ಯಾವುದೋ ರದ್ದಿ ಪಟ್ಟಿಯಲ್ಲಿ ಹನ್ನೆರಡು ತುಂಡು ಕೊಯ್ಯಿರಿ. ಹೊರ ಅಂಚುಗಳನ್ನು ಸಾಲಾಗಿ ಮಾಸ್ಕಿಂಗ್ ಟೇಪಿನ ಮೇಲೆ ಕೂರಿಸಿ ಸುತ್ತಿ. ಹನ್ನೊಂದು ಕೂಡಿಕೆ ಬಿಗಿಯಾಗಿ ಕೂತ ಮೇಲೆ ಹನ್ನೆರಡನೆಯದನ್ನು ಬೆಳಕಿಗೆ ಹಿಡಿದು ನೋಡಿ. ಹೊರಗೆ ಸಂದು ಕಂಡರೆ ಕೋನ ಕಡಿಮೆಯಾಗಿದೆ, ಒಳಗೆ ಕಂಡರೆ ಹೆಚ್ಚಾಗಿದೆ. ಆ ಸಂದಿನಲ್ಲಿ ಜೆರಾಕ್ಸ್ ಹಾಳೆಯ ಚೂರುಗಳನ್ನು ತೂರಿಸಿ ಎಷ್ಟು ಹಿಡಿಯುತ್ತವೆ ಎಣಿಸಿ. ಒಂದು ಹಾಳೆ ಸುಮಾರು 0.1 ಮಿ.ಮೀ. ಸಂದು ಹೊರಗಿದ್ದು ನಾಲ್ಕು ಹಾಳೆ ಹಿಡಿದರೆ, ಬೆಣೆಯ ಅಗಲ ತುದಿಯಲ್ಲಿ ಬೆಣೆಗೂ ಫೆನ್ಸಿಗೂ ನಡುವೆ ಅಷ್ಟೇ ನಾಲ್ಕು ಹಾಳೆ ಇಟ್ಟು ಫೆನ್ಸನ್ನು ಮತ್ತೆ ಬಿಗಿ ಮಾಡಿ. ಸಂದು ಒಳಗಿದ್ದರೆ ಹಾಳೆಗಳು ಬೆಣೆಯ ಚೂಪು ತುದಿಗೆ ಹೋಗುತ್ತವೆ. ಬೇರೆ ಲೆಕ್ಕವಿಲ್ಲ. ಎಂಟು ಅಥವಾ ಹದಿನಾರು ತುಂಡಿನ ಬಳೆಗೂ ಪಟ್ಟಿಯ ಅಗಲವನ್ನು ತುಂಡಿನ ಸಂಖ್ಯೆಯಿಂದ ಗುಣಿಸಿದಷ್ಟು ಉದ್ದದ ಬೆಣೆ ಮಾಡಿಕೊಂಡರೆ ಈ ಹಾಳೆಗೆ ಹಾಳೆಯ ಸರಿಸಮ ಉಳಿಯುತ್ತದೆ.

ಒಂದು ಹಾಳೆಯೂ ತೂರದಿದ್ದರೆ ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಹೆಚ್ಚಿನ ನಿಖರತೆಯನ್ನು ಮರ ನಾಳೆ ಬೆಳಗಿನ ತನಕವೂ ಉಳಿಸಿಕೊಳ್ಳುವುದಿಲ್ಲ.

ಸಮ ಬೇಕು, ನಿಖರ ಬೇಡ

ಉದ್ದದ ಕತೆ ಬೇರೆ. 53.6 ಬದಲು ಎಲ್ಲ ತುಂಡೂ 54.1 ಬಂದರೆ ಬಳೆಯ ವ್ಯಾಸ ಎರಡು ಮಿ.ಮೀ. ಬೆಳೆಯಿತು ಅಷ್ಟೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹನ್ನೊಂದು 53.6 ಇದ್ದು ಒಂದು ಮಾತ್ರ 54.1 ಆಯಿತೋ, ಕೋನ ಎಷ್ಟೇ ಸರಿಯಿದ್ದರೂ ಬಳೆ ಕೂಡದು. ಅದರ ಎದುರಿನ ತುಂಡು ಅಷ್ಟೇ ಉದ್ದವಿಲ್ಲದಿದ್ದರೆ ಎಲ್ಲೋ ಒಂದು ಕಡೆ ಮೆಟ್ಟಿಲು ಬೀಳುತ್ತದೆ, ಇಲ್ಲವೇ ಸಂದು ಬಿಡುತ್ತದೆ. ತುಂಡುಗಳು ತಮ್ಮತಮ್ಮಲ್ಲಿ 0.1 ಮಿ.ಮೀ. ಒಳಗೆ ಸಮವಿರಬೇಕು. ಕ್ಯಾಲಿಪರ್‌ನಲ್ಲಿ ಅಳೆಯಲು ಹೋದರೆ ಚೂಪು ಮೂತಿ ಮುರಿದು ಸುಳ್ಳು ಹೇಳುತ್ತದೆ. ಹನ್ನೆರಡನ್ನೂ ಒಂದರ ಮೇಲೊಂದು ಪೇರಿಸಿ, ಒಂದು ಬದಿಯ ಓರೆಮುಖಗಳನ್ನು ಹಲಗೆಗೆ ಒತ್ತಿ ಹಿಡಿದು, ಇನ್ನೊಂದು ಬದಿಯ ಮೇಲೆ ಹೆಬ್ಬೆರಳಿನ ಉಗುರು ಎಳೆಯಿರಿ. 0.1 ಮಿ.ಮೀ. ಮೆಟ್ಟಿಲು ಉಗುರಿಗೆ ಟಕ್ಕನೆ ತಾಗುತ್ತದೆ.

ಉದ್ದ ಏರುಪೇರಾಗಲು ಹತ್ತರಲ್ಲಿ ಒಂಬತ್ತು ಸಲ ಕಾರಣ ಸ್ಟಾಪಿನ ಬುಡದಲ್ಲಿ ಕೂತ ಹೊಟ್ಟು. ಸ್ಟಾಪಿನ ಕೆಳ ಅಂಚನ್ನು ಉಳಿಯಿಂದ ಸ್ವಲ್ಪ ಕೆತ್ತಿ ಬಿಟ್ಟರೆ ಹೊಟ್ಟು ಅಲ್ಲಿ ಅಡಗುತ್ತದೆ. ಪ್ರತಿ ಕೊಯ್ತಕ್ಕೂ ಮೊದಲು ಒಂದು ಉಫ್ ಊದುವ ಅಭ್ಯಾಸವಿರಲಿ. ಪಟ್ಟಿಯನ್ನು ಸ್ಟಾಪಿಗೆ ಗುದ್ದಬೇಡಿ, ತಾಗಿಸಿ ಸಾಕು. ಇನ್ನು ಸ್ಲೆಡ್ಡಿನ ಕಂಬಿ ಟೇಬಲಿನ ಗ್ರೂವಿನಲ್ಲಿ ಅಲುಗಾಡುತ್ತಿದ್ದರೆ, 450 ಮಿ.ಮೀ. ಕಂಬಿಯಲ್ಲಿ ಅರ್ಧ ಮಿ.ಮೀ. ಸಡಿಲವಿದ್ದರೂ ಕೋನ 0.06 ಡಿಗ್ರಿ ಆಚೀಚೆ. ಕಂಬಿಗೆ ಟೇಪು ಅಂಟಿಸಿ ಸಡಿಲ ತೆಗೆಯಿರಿ, ಅದೂ ಆಗದಿದ್ದರೆ ಎಲ್ಲ ಕೊಯ್ತದಲ್ಲೂ ಸ್ಲೆಡ್ಡನ್ನು ಒಂದೇ ಮಗ್ಗುಲಿಗೆ ಒತ್ತಿ ತಳ್ಳಿ.

ಬ್ಲೇಡು ಟೇಬಲಿಗೆ ಲಂಬವಾಗಿದೆಯೇ ಎಂಬುದಕ್ಕೂ ಮಾಪಕ ಬೇಡ. ಒಂದು ದಪ್ಪ ಪಟ್ಟಿಯನ್ನು ನೇರಕ್ಕೆ ಕೊಯ್ದು, ಒಂದು ಅರ್ಧವನ್ನು ಮಗುಚಿ, ಕೊಯ್ದ ಮುಖಕ್ಕೆ ಕೊಯ್ದ ಮುಖ ಕೂಡಿಸಿ. ಮೇಲೋ ಕೆಳಗೋ ಬೆಳಕು ತೂರಿದರೆ ಬ್ಲೇಡು ವಾಲಿದೆ. ಕಾಣುವ ಸಂದು ನಿಜವಾದ ತಪ್ಪಿನ ಎರಡರಷ್ಟು. ಬ್ಲೇಡು 60ರಿಂದ 80 ಹಲ್ಲಿನದು ಇರಲಿ, ತೆಳು ಬ್ಲೇಡು ಗಟ್ಟಿ ಮರದಲ್ಲಿ ಬಳುಕುತ್ತದೆ, ದಪ್ಪದ್ದೇ ಮೇಲು.

ಚಿಕ್ಕ ತುಂಡು ಬ್ಲೇಡಿನ ಪಕ್ಕ ನಿಂತರೆ ಗುಂಡಿನಂತೆ ಹಾರುತ್ತದೆ. ತುಂಡು ಬ್ಲೇಡಿಗೂ ಸ್ಟಾಪಿಗೂ ನಡುವೆ ಸಿಕ್ಕಿಕೊಳ್ಳದಂತೆ, ಅಳತೆ ಆದ ಮೇಲೆ ಎತ್ತಿಬಿಡುವ ಸ್ಟಾಪು ಬಳಸಿ. ತುಂಡನ್ನು ಬೆರಳಲ್ಲಿ ಹಿಡಿಯಲೇಬಾರದು. ರಬ್ಬರ್ ಇರುವ ಪೆನ್ಸಿಲಿನ ಹಿಂತುದಿಯಿಂದ ಒತ್ತಿ ಹಿಡಿದು, ಬ್ಲೇಡು ಪೂರ್ತಿ ನಿಂತ ಮೇಲೆ ಎತ್ತಿ. ಕನ್ನಡಕ ಹಾಕಿಕೊಳ್ಳುವುದನ್ನು ಹೇಳಬೇಕಿಲ್ಲ.

ಕೊಯ್ದ ಮುಖವನ್ನು ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡುವ ಆಸೆಯನ್ನು ಬಿಟ್ಟುಬಿಡಿ. ಕೈಯಲ್ಲಿ ಉಜ್ಜಿದ ಮುಖ ಎಂದೂ ಚಪ್ಪಟೆ ಉಳಿಯುವುದಿಲ್ಲ, ಅಂಚು ದುಂಡಾಗುತ್ತದೆ. ಕೆಳ ಅಂಚಿನ ನಾರನ್ನು ಮಾತ್ರ 220 ನಂಬರಿನ ಕಾಗದದ ಮೇಲೆ ಒಂದೇ ಎಳೆತದಲ್ಲಿ ತೆಗೆಯಿರಿ.

ಮಳೆಗಾಲದ ಓರೆ

ಸ್ಲೆಡ್ ಸರಿಯಿದೆ, ಉದ್ದ ಸಮವಿದೆ, ಆದರೂ ಮೂರು ವಾರ ಬಿಟ್ಟು ಅಂಟಿಸಲು ಕೂತಾಗ ಬಳೆ ಮುಚ್ಚುವುದಿಲ್ಲ. ಆಗ ಎಲ್ಲರೂ ಸ್ಲೆಡ್ಡನ್ನು ಬೈಯುತ್ತಾರೆ. ಬೈಯಬೇಕಾದದ್ದು ಹವೆಯನ್ನು.

ಮರ ಎಳೆಯ ಉದ್ದಕ್ಕೆ ಹಿಗ್ಗುವುದು ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲದಲ್ಲಿ ಮಾತ್ರ ಧಾರಾಳ. ತೇಗದಂಥ ಸೌಮ್ಯ ಮರವೂ ಹಸಿಯಿಂದ ಪೂರ್ತಿ ಒಣಗುವ ಹೊತ್ತಿಗೆ ಸುರುಳಿಯ (ಬೆಳವಣಿಗೆಯ ಉಂಗುರದ) ದಿಕ್ಕಿನಲ್ಲಿ ಶೇ. 5ರಷ್ಟು ಕುಗ್ಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಶೆಡ್ಡಿನ ಮರದ ನೀರಿನಂಶ ಶೇ. 16 ದಾಟುವುದು ಸಹಜ, ಬಯಲುಸೀಮೆಯ ಬೇಸಿಗೆಯಲ್ಲಿ ಅದು 8ರ ಸುಮಾರಿಗೆ ಇಳಿಯುತ್ತದೆ. ನೀರಿನಂಶ ಆರು ಅಂಶ ಇಳಿದರೆ ಪಟ್ಟಿಯ ಅಗಲ ಶೇ. 1ರಷ್ಟು ಕಡಿಮೆಯಾಯಿತು ಎಂದುಕೊಳ್ಳಿ. 25 ಮಿ.ಮೀ.ಗೆ ಕಾಲು ಮಿ.ಮೀ., ಕಣ್ಣಿಗೂ ಕಾಣದು. ಆದರೆ ತುಂಡಿನ ಉದ್ದ ಹಾಗೇ ಉಳಿದು ಅಗಲ ಮಾತ್ರ ಕುಗ್ಗಿದ್ದರಿಂದ ಓರೆ ಬದಲಾಗಿದೆ: 15 ಇದ್ದದ್ದು 15.14 ಡಿಗ್ರಿ. ಇಪ್ಪತ್ತನಾಲ್ಕು ಮುಖಕ್ಕೆ ಒಟ್ಟು ಸುಮಾರು ಮೂರೂವರೆ ಡಿಗ್ರಿ. ಕೊಯ್ತದಲ್ಲಿ ನಾವು ಹೆದರಿಕೊಂಡಿದ್ದ 2.4ಕ್ಕಿಂತ ಇದು ದೊಡ್ಡದು.

ಇದರಿಂದ ಎರಡು ನಿಯಮ ಹುಟ್ಟುತ್ತವೆ. ಪಟ್ಟಿಗಳನ್ನು ಕೆಲಸ ಮಾಡುವ ಕೋಣೆಯಲ್ಲೇ ಕೆಲವು ವಾರ ಇಟ್ಟು ಹದಕ್ಕೆ ಬಂದ ಮೇಲೆ ಕೊಯ್ಯಿರಿ. ಮತ್ತು ಕೊಯ್ದ ದಿನವೇ ಬಳೆಯಾಗಿ ಅಂಟಿಸಿ. ಹತ್ತು ಬಳೆಯ ತುಂಡುಗಳನ್ನೆಲ್ಲ ಒಟ್ಟಿಗೆ ಕೊಯ್ದು ಡಬ್ಬದಲ್ಲಿ ತುಂಬಿಡುವುದು ನೋಡಲು ಶಿಸ್ತಿನ ಕೆಲಸ, ಆದರೆ ಅದರಿಂದ ಕೆಡುವುದೇ ಹೆಚ್ಚು. ಹಾಗೆಯೇ ಒಂದು ಬಳೆಗೆ ಎರಡು ಜಾತಿಯ ಮರ ಬಳಸುವಾಗ, ತೇಗದ ಜೊತೆಗೆ ವಿಪರೀತ ಹಿಗ್ಗಿ ಕುಗ್ಗುವ ಮರ ಬೇಡ.

ಅರ್ಧ ಬಳೆಯ ಉಪಾಯ

ಇಷ್ಟಾದ ಮೇಲೂ ಉಳಿಯುವ ಚೂರುಪಾರು ತಪ್ಪಿಗೆ ಹಳೆಯ ಉಪಾಯವೊಂದಿದೆ. ಬಳೆಯನ್ನು ಒಟ್ಟಿಗೆ ಅಂಟಿಸಬೇಡಿ. ಆರಾರು ತುಂಡಿನ ಎರಡು ಅರ್ಧ ಮಾಡಿ. ಎದುರುಬದುರಿನ ಎರಡು ಕೂಡಿಕೆಗೆ ಅಂಟು ಹಚ್ಚದೆ, ಅಲ್ಲಿ ಒಂದೊಂದು ಹಲ್ಲುಕಡ್ಡಿ ನಿಲ್ಲಿಸಿ, ಸುತ್ತ ಹೋಸ್ ಕ್ಲಾಂಪ್ ಬಿಗಿದು ಒಣಗಲು ಬಿಡಿ. ಉಳಿದ ಹತ್ತು ಕೂಡಿಕೆಗಳು ಹಲ್ಲುಕಡ್ಡಿಯ ಮೇಲೆ ಭಾರ ಹಾಕಿ ತಾವು ಸರಿಯಾಗಿ ಮುಖಕ್ಕೆ ಮುಖ ಕೂರುತ್ತವೆ. ಒಣಗಿದ ಮೇಲೆ ಎರಡು ಅರ್ಧಗಳನ್ನು ಬಿಡಿಸಿ, ದಪ್ಪ ಗಾಜಿನ ಮೇಲೆ ಅಂಟಿಸಿದ ಉಪ್ಪುಕಾಗದದ ಮೇಲೆ ಅರ್ಧದ ಎರಡು ತುದಿಯನ್ನೂ ಒಟ್ಟಿಗೆ ಉಜ್ಜಿ. ಎರಡೂ ತುದಿ ಒಂದೇ ಮಟ್ಟಕ್ಕೆ ಬಂದರೆ ಅದು ಸರಿಯಾದ 180 ಡಿಗ್ರಿ.

ಮುಖಕ್ಕೆ 0.1 ಡಿಗ್ರಿ ತಪ್ಪಿದ್ದ ಬಳೆಯಲ್ಲಿ ಹೀಗೆ ಉಜ್ಜಿ ಕಳೆಯುವುದು ತುದಿಗೆ ಕಾಲು ಮಿ.ಮೀ. ಯಾರ ಕಣ್ಣಿಗೂ ಬೀಳದು. ಕೆಲವರಿಗೆ ಇದು ಕಳ್ಳದಾರಿ ಎನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ, ಪಳಗಿದವರೂ ಇದನ್ನು ಮಾಡುತ್ತಾರೆ. ತಪ್ಪು ಅರ್ಧ ಡಿಗ್ರಿಯಾದರೆ ಮಾತ್ರ ತುದಿಗೆ 1.3 ಮಿ.ಮೀ. ಹೋಗಿ, ನಾಲ್ಕು ತುಂಡು ಉಳಿದವಕ್ಕಿಂತ ಕಿರಿದಾಗಿ ಕಾಣುತ್ತವೆ. ಅಂಕುಡೊಂಕು ಚಿತ್ತಾರದ ಬಳೆಯಲ್ಲಂತೂ ಅದು ಮೊದಲ ನೋಟಕ್ಕೇ ಸಿಕ್ಕಿಬೀಳುತ್ತದೆ. ಅಂಥ ಹೊತ್ತಿನಲ್ಲಿ ಉಜ್ಜುವುದು ಬಿಟ್ಟು ಸ್ಲೆಡ್ಡಿಗೆ ಮರಳಿ.

ಕ್ಲಾಂಪ್ ಬಿಗಿದರೆ ಸಂದು ಮುಚ್ಚುತ್ತದಲ್ಲ ಎನ್ನುವವರಿದ್ದಾರೆ. ಮುಚ್ಚುತ್ತದೆ ನಿಜ. 2.4 ಡಿಗ್ರಿಯನ್ನು ಹನ್ನೆರಡು ಕೂಡಿಕೆಗೆ ಹಂಚಿದರೆ ಒಂದೊಂದಕ್ಕೆ ಒಂದು ಹಾಳೆಯಷ್ಟೂ ಸಂದಿರುವುದಿಲ್ಲ, ಹೋಸ್ ಕ್ಲಾಂಪು ಅದನ್ನು ಹಿಚುಕಿ ಕೂಡಿಸುತ್ತದೆ. ಆದರೆ ಬಳೆಯೊಳಗೆ ಆ ಎಳೆತ ಹಾಗೇ ಉಳಿಯುತ್ತದೆ. ಇಲ್ಲಿನ ಕೂಡಿಕೆಗಳು ಹೆಚ್ಚುಕಡಿಮೆ ತುದಿಮುಖಕ್ಕೆ ತುದಿಮುಖ ಅಂಟಿದವು. ಅಂಟು ಹೀರಿಕೊಂಡು ಸೊರಗುವ ಮುಖ ಅದು. ಮೊದಲು ತೆಳುವಾಗಿ ಒಂದು ಲೇಪ ಹಚ್ಚಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಹಚ್ಚಿ ಕೂಡಿಸಬೇಕು. ತೇಗ, ಬೀಟೆಗಳಲ್ಲಿ ಎಣ್ಣೆಯಂಶ ಇರುವುದರಿಂದ ಅಂಟಿಗೆ ಮೊದಲು ಅಸಿಟೋನ್‌ನಲ್ಲಿ ಮುಖ ಒರೆಸಿ.

ಬಳೆಗಳನ್ನು ಪೇರಿಸುವಾಗ ದಪ್ಪದ ತಪ್ಪಿಗೆ ಹೆದರಬೇಡಿ. ಲೇತಿಗೆ ಕಟ್ಟಿ ನೇರ ಹಲಗೆಗೆ ಅಂಟಿಸಿದ ಕಾಗದದಿಂದ ಮೇಲ್ಮೈ ಸಮ ಮಾಡುತ್ತೇವಲ್ಲ. ಸ್ಕೇಲು ಅಡ್ಡ ಇಟ್ಟಾಗ ಬೆಳಕು ತೂರದಿದ್ದರೆ ಸರಿ. ಮೇಲಿನ ಬಳೆಯ ಸಂದು ಕೆಳಗಿನ ತುಂಡಿನ ನಡುವಿಗೆ, ಅಂದರೆ 15 ಡಿಗ್ರಿ ತಿರುಗಿ ಕೂರಬೇಕು, ಒಂದು ಮಿ.ಮೀ. ಆಚೀಚೆಯಾದರೂ ಇಟ್ಟಿಗೆ ಗೋಡೆ ನೋಡಿ ಪಳಗಿದ ಕಣ್ಣಿಗೆ ತಿಳಿದುಬಿಡುತ್ತದೆ, ಆದ್ದರಿಂದ ಪ್ರತಿ ಬಳೆಯ ಅಂಚಿಗೂ ಪೆನ್ಸಿಲ್ ಗುರುತು ಹಾಕಿ.

ಕೊನೆಗೆ ಅಡಿಯ ಬಿಲ್ಲೆ. ಸುತ್ತಿನ ಬಳೆಯಲ್ಲಿ ಎಳೆ ಸುತ್ತಲೂ ಓಡುತ್ತದೆ, ಆದ್ದರಿಂದ ಅದರ ಸುತ್ತಳತೆ ಬದಲಾಗದು. ಆದರೆ ಅದಕ್ಕೆ ಅಂಟಿಸಿದ 100 ಮಿ.ಮೀ. ಅಗಲದ ಒಂಟಿ ಹಲಗೆ ಮಳೆಗಾಲದಲ್ಲಿ ಅಡ್ಡಕ್ಕೆ ಒಂದು ಮಿ.ಮೀ. ಹಿಗ್ಗಿ, ಅಷ್ಟು ಕಷ್ಟಪಟ್ಟು ಕೂಡಿಸಿದ ಸಂದುಗಳನ್ನು ಒಳಗಿನಿಂದ ತೆರೆಯುತ್ತದೆ. ಬಿಲ್ಲೆ 75 ಮಿ.ಮೀ. ಮೀರದಿರಲಿ, ಸುರುಳಿಗಳು ನೆಟ್ಟಗೆ ನಿಂತಿರುವ ಹಲಗೆಯಿಂದ ಅದನ್ನು ಕೊಯ್ಯಿರಿ. ಅದಕ್ಕಿಂತ ಅಗಲ ಬೇಕಾದರೆ ಅಡಿಯನ್ನೂ ಹನ್ನೆರಡು ತುಂಡಿನ ಬಳೆಯಾಗಿಯೇ ಮಾಡಿ, ನಡುವಿನ ತೂತಿಗೆ ಮಾತ್ರ ಒಂದು ಸಣ್ಣ ಬಿಲ್ಲೆ ಹಾಕಿ.